ಹತ್ತಲಾಗದೆ ನಿಂತವರ ಲೆಕ್ಕ: ಸಾರಿಗೆ ನಿಗಮಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ರಾಜ್ಯದ ರಸ್ತೆ ಸಾರಿಗೆ ನಿಗಮಗಳಲ್ಲಿ ಮಾರ್ಗ ಮತ್ತು ವೇಳಾಪಟ್ಟಿಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳಿಗೆ

ವಿಷಯ: ಬಸ್ಸಿನ ವೇಳೆ ಗೊತ್ತುಮಾಡುವಾಗ ಅದರಲ್ಲಿ ಓಡಾಡುವ ಮಕ್ಕಳನ್ನೂ ಕೇಳಬೇಕೆಂಬ ಕೋರಿಕೆ

ಮಾನ್ಯರೇ,

ನಾನು ಅರೆಮಲೆನಾಡಿನ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಊರವರು ಈಗಲೂ ಲೈಬ್ರರಿ ಎಂದೇ ಕರೆಯುವ ಎರಡು ಕೋಣೆಯ ಕಟ್ಟಡದಲ್ಲಿ, ಮೇಲ್ವಿಚಾರಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಬಸ್ಸಿನ ವಿಚಾರದಲ್ಲಿ ತಮಗೆ ಪತ್ರ ಬರೆಯಲು ನನಗಿರುವ ಅರ್ಹತೆ ಒಂದೇ: ನನ್ನ ಮೇಜಿನ ಎದುರಿನ ಕಿಟಕಿ ಬಸ್ ನಿಲ್ದಾಣದ ಕಡೆಗಿದೆ. ಬೆಳಗ್ಗೆ ಬೀಗ ತೆಗೆದು ಪತ್ರಿಕೆಗಳನ್ನು ಜೋಡಿಸುವ ಹೊತ್ತಿಗೆ ಹೈಸ್ಕೂಲಿನ ಮತ್ತು ಕಾಲೇಜಿನ ಮಕ್ಕಳು ಅಲ್ಲಿ ನಿಂತಿರುತ್ತಾರೆ. ಸಂಜೆ ದೀಪ ಹಾಕುವ ಹೊತ್ತಿಗೆ ಅವರಲ್ಲಿ ಕೆಲವರು ಹಿಂದಿರುಗಿರುತ್ತಾರೆ, ಕೆಲವರು ಇರುವುದಿಲ್ಲ. ‘ಓದುವ ಬೆಳಕು’ ಕಾರ್ಯಕ್ರಮದಡಿ ಉಚಿತ ಸದಸ್ಯತ್ವ ಪಡೆದ ಮಕ್ಕಳಲ್ಲಿ ಹಲವರು ನನ್ನ ಬಳಿಗೆ ಬರುವುದು ಪುಸ್ತಕಕ್ಕಾಗಿ ಅಲ್ಲ, ಮುಂದಿನ ಬಸ್ಸಿನವರೆಗೆ ಕೂರುವುದಕ್ಕಾಗಿ ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಬಸ್ಸು ತಪ್ಪಿದ ಮಗುವಿಗೆ ಓದುವ ಹವ್ಯಾಸ ಬೇಗ ಹತ್ತುತ್ತದೆ.

ಊರಿನ ಹೆಸರನ್ನಾಗಲೀ, ತಾಲ್ಲೂಕು ಮತ್ತು ಘಟಕದ ಹೆಸರನ್ನಾಗಲೀ, ನಾಲ್ಕು ನಿಗಮಗಳಲ್ಲಿ ನಮ್ಮದು ಯಾವುದೆಂಬುದನ್ನಾಗಲೀ ಇಲ್ಲಿ ಬೇಕೆಂದೇ ಬರೆದಿಲ್ಲ. ಬರೆದರೆ ಏನಾಗುತ್ತದೆಂಬ ಅನುಭವ ನಮಗಿದೆ. ಒಬ್ಬ ನಿರ್ವಾಹಕರಿಗೆ ಮೆಮೊ ಸಿಗುತ್ತದೆ, ನಾಲ್ಕು ದಿನ ಬಸ್ಸು ಸರಿಯಾಗಿ ನಿಲ್ಲುತ್ತದೆ, ಐದನೆಯ ದಿನದಿಂದ ಆ ನಿರ್ವಾಹಕರು ನಮ್ಮ ಮಕ್ಕಳ ಮುಖ ನೋಡುವ ರೀತಿಯೇ ಬೇರೆಯಾಗುತ್ತದೆ. ನನ್ನ ದೂರು ಯಾರೊಬ್ಬರ ಮೇಲೂ ಅಲ್ಲ, ಒಂದು ಲೆಕ್ಕದ ಮೇಲೆ. ಆ ಲೆಕ್ಕ ಯಾವುದೆಂದು ನನಗೆ ತೋರಿಸಿಕೊಟ್ಟವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ.

ಕಳೆದ ಮಳೆಗಾಲದ ಮಾತು. ಪುನರ್ವಸು ಮಳೆ ಹಿಡಿದ ಹಾಗೆ ಸುರಿಯುತ್ತಿತ್ತು. ತಂಗುದಾಣದ ಶೀಟು ಎರಡು ಕಡೆ ಸೋರುವುದರಿಂದ ಮಕ್ಕಳೆಲ್ಲ ಮೂರನೆಯ ಮೂಲೆಗೆ ಒತ್ತಿಕೊಂಡು ನಿಂತಿದ್ದರು. 8.10ಕ್ಕೆ ಬರಬೇಕಾದ ಬಸ್ಸು 8.35ಕ್ಕೆ ಬಂತು, ಹಿಂದಿನ ಎರಡು ಊರುಗಳಲ್ಲೇ ತುಂಬಿಕೊಂಡು ಬಂದಿತ್ತು. ಚಾಲಕರು ತಂಗುದಾಣದ ಮುಂದೆ ವೇಗ ತಗ್ಗಿಸಿ, ಗುಂಪನ್ನು ನೋಡಿ, ಅಲ್ಲಿ ನಿಲ್ಲಿಸದೆ ಐವತ್ತು ಅರವತ್ತು ಹೆಜ್ಜೆ ಮುಂದೆ ಅರಳಿಮರದ ಬಳಿ ನಿಲ್ಲಿಸಿದರು. ಇಳಿಯುವ ಇಬ್ಬರು ಇಳಿದರು. ಕೊಡೆ, ಚೀಲ, ಊಟದ ಡಬ್ಬಿ ಹಿಡಿದು ಮಕ್ಕಳು ಓಡಿದರು. ಮೊದಲು ಮುಟ್ಟಿದವರು ಕಾಲೇಜಿನ ದೊಡ್ಡ ಹುಡುಗರು; ಅವರು ಬಾಗಿಲಿನ ಮೆಟ್ಟಿಲ ಮೇಲೆ ಜಾಗ ಮಾಡಿಕೊಂಡರು. ಸೀಟಿ ಊದಿತು, ಬಸ್ಸು ಹೊರಟಿತು. ರಸ್ತೆಯಲ್ಲಿ ಹನ್ನೊಂದು ಮಕ್ಕಳು ಉಳಿದರು. ಓಡುವಾಗ ಆ ಹುಡುಗಿಯ ಚೀಲದ ಜಿಪ್ಪು ಬಿಟ್ಟುಕೊಂಡು ಜಾಮೆಟ್ರಿ ಬಾಕ್ಸು ಕೆಳಗೆ ಬಿದ್ದಿತ್ತು. ಅವಳು ಕೆಸರಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೈವಾರ, ಕೋನಮಾಪಕ, ತುಂಡು ಪೆನ್ಸಿಲು ಎಲ್ಲವನ್ನೂ ಒಂದೊಂದಾಗಿ ಹೆಕ್ಕಿ, ಲಂಗದ ಅಂಚಿನಲ್ಲಿ ಒರೆಸಿ ಒಳಗಿಟ್ಟುಕೊಂಡಳು. ಆಮೇಲೆ ಲೈಬ್ರರಿಗೆ ಬಂದು ಒಂದು ಹಳೆಯ ಪತ್ರಿಕೆ ಕೇಳಿದಳು, ನೆಲಕ್ಕೆ ಹಾಸಿ ಪುಸ್ತಕಗಳನ್ನು ಒಣಗಿಸಲು.

ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಒಂದು ಪ್ರಶ್ನೆಯನ್ನು ಮಾತ್ರ ಕೇಳಿದಳು: “ಮೇಡಂ, ಡಿಪೋದಲ್ಲಿ ಇವತ್ತು ನಮ್ಮೂರಿಗೆ ಬಸ್ ಬಂದಿದೆ ಅಂತ ಬರ್ಕೊಂತಾರಾ, ಬಂದಿಲ್ಲ ಅಂತ ಬರ್ಕೊಂತಾರಾ?”

ನನ್ನಲ್ಲಿ ಉತ್ತರವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಉತ್ತರ ಇತ್ತು, ಅದನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಡಿಪೋದ ಕಡತದಲ್ಲಿ ಆ ದಿನ ಬಸ್ಸು ಬಂದಿದೆ. ಟ್ರಿಪ್ ರದ್ದಾಗಿಲ್ಲ, ಕಿಲೋಮೀಟರು ಪೂರ್ತಿಯಾಗಿದೆ, ಕಲೆಕ್ಷನ್ನೂ ಆಗಿದೆ. ಒಳಗೆ ಹತ್ತಿದವರ ಲೆಕ್ಕವನ್ನು ನಿರ್ವಾಹಕರ ಕೈಯಲ್ಲಿರುವ ಯಂತ್ರ ಹೇಳುತ್ತದೆ. ಹತ್ತಲಾಗದೆ ನಿಂತ ಹನ್ನೊಂದು ಮಂದಿಯನ್ನು ಎಣಿಸುವ ಯಂತ್ರವನ್ನು ಯಾವ ನಿಗಮವೂ ಕೊಂಡಿಲ್ಲ. ಹಾಗಾಗಿ ವರ್ಷದ ಕೊನೆಗೆ ಮಾರ್ಗವನ್ನು ಪರಿಶೀಲಿಸುವ ಅಧಿಕಾರಿಯ ಮುಂದೆ ಬರುವ ಕಾಗದದಲ್ಲಿ ನಮ್ಮ ನಿಲ್ದಾಣದಿಂದ ದಿನಕ್ಕೆ ಇಷ್ಟು ಜನ ಹತ್ತುತ್ತಾರೆ ಎಂದಿರುತ್ತದೆಯೇ ಹೊರತು, ಇಷ್ಟೇ ಜನ ಹತ್ತಲು ಸಾಧ್ಯವಾಯಿತು ಎಂದಿರುವುದಿಲ್ಲ. ಈ ಎರಡು ವಾಕ್ಯಗಳ ನಡುವಿನ ವ್ಯತ್ಯಾಸವನ್ನು ತಮ್ಮ ಗಮನಕ್ಕೆ ತರಲೆಂದೇ ಈ ಪತ್ರ.

ಅದರ ಮರುದಿನ ನಾನು ಇನ್ನೂರು ಪುಟದ ಒಂದು ಲಾಂಗ್ ಬುಕ್ ತಂದು ಗೆರೆ ಹಾಕಿ ಕಿಟಕಿಯ ಪಕ್ಕ ಇಟ್ಟೆ. ತಾರೀಖು, ಯಾವ ವೇಳೆಯ ಬಸ್ಸು, ಏನಾಯಿತು, ನಿನಗೆ ಏನನ್ನಿಸಿತು ಎಂದು ನಾಲ್ಕು ಅಂಕಣ. ಹೆಸರು ಬರೆಯಬಾರದು, ಬೈಗುಳ ಬರೆಯಬಾರದು ಎಂಬೆರಡೇ ನಿಯಮ. ಮೊದಲ ವಾರ ಎರಡನೆಯ ನಿಯಮ ಹಲವು ಸಲ ಮುರಿಯಿತು. ಆಮೇಲೆ ಮಕ್ಕಳು ನಿಜವಾಗಿಯೂ ಬರೆಯತೊಡಗಿದರು. ದೂರುಗಳ ಪಟ್ಟಿ ಸಿಗಬಹುದೆಂದು ಕಾದಿದ್ದ ನನಗೆ ಸಿಕ್ಕಿದ್ದು ಅದಕ್ಕಿಂತ ಬೇರೆಯದೇ ಆದ ಒಂದು ದಾಖಲೆ.

ಬಸ್ಸಿನ ಬಗ್ಗೆ ಮಕ್ಕಳಿಗೆ ಇರುವುದು ಸಿಟ್ಟಲ್ಲ, ಮಾನ್ಯರೇ. ಅವರಿಗೆ ಬಸ್ಸು ಇಷ್ಟ. ಶಾಲೆಗಿಂತ ಬಸ್ಸೇ ಇಷ್ಟ ಎಂದು ಒಬ್ಬ ಬರೆದಿದ್ದಾನೆ, ಅವನ ಹೆಡ್ ಮಾಸ್ತರರು ಇದನ್ನು ಓದದಿರಲಿ. ಕಿಟಕಿಯ ಪಕ್ಕದ ಸೀಟು ಸಿಕ್ಕ ದಿನವನ್ನು ಒಬ್ಬಳು ಕೆಂಪು ಶಾಯಿಯಲ್ಲಿ ಗುರುತು ಮಾಡಿದ್ದಾಳೆ. ತಿರುವಿನಲ್ಲಿ ಎರಡು ಸಲ ಹಾರನ್ ಹಾಕಿ, ತೋಟದ ದಾರಿಯಲ್ಲಿ ಓಡಿಬರುವ ಹುಡುಗನಿಗಾಗಿ ಅರ್ಧ ನಿಮಿಷ ಕಾಯುವ ಚಾಲಕರೊಬ್ಬರ ಬಗ್ಗೆ ಮೂರು ಬೇರೆ ಬೇರೆ ಕೈಬರಹದಲ್ಲಿ ಹೊಗಳಿಕೆಯಿದೆ. ಪರೀಕ್ಷೆಯ ಬೆಳಗ್ಗೆ ಹಾಲ್ ಟಿಕೆಟ್ ತೋರಿಸಿದರೆ ಸಾಕು, ಎಲ್ಲರೂ ಮರ್ಯಾದೆ ಕೊಡುತ್ತಾರೆ, ದಿನವೂ ಪರೀಕ್ಷೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಹತ್ತನೆಯ ತರಗತಿಯವನೊಬ್ಬನ ಬರಹ. ಪರೀಕ್ಷೆಯ ದಿನಗಳಲ್ಲಿ ನಿಗಮವೇ ಕೊಡುವ ಆ ಸೌಲಭ್ಯ ಮಕ್ಕಳ ಮನಸ್ಸಿನಲ್ಲಿ ಎಷ್ಟು ಆಳಕ್ಕಿಳಿದಿದೆ ಎನ್ನುವುದು ತಮಗೆ ತಿಳಿದಿರಲಿ.

ಅವರು ಕೇಳಿರುವುದಾದರೂ ಏನು? ಹೊಸ ಬಸ್ಸು ಕೊಡಿ ಎಂದು ಬರೆದವರು ಕೆಲವರಿದ್ದಾರೆ. ಆದರೆ ಅದಕ್ಕಿಂತ ಹೆಚ್ಚು ಸಲ ಬಂದಿರುವ ಮಾತು, ಕಂಬದ ಹತ್ತಿರವೇ ನಿಲ್ಲಿಸಿ ಎಂಬುದು. ದೊಡ್ಡವರಿಗೆ ಇದು ಸಣ್ಣ ಸಂಗತಿ. ಐವತ್ತು ಹೆಜ್ಜೆ ಮುಂದೆ ನಿಲ್ಲಿಸಿದಾಗ ಸಾಲು ಕಲಸಿಹೋಗುತ್ತದೆ, ಮೊದಲು ಬಂದು ಕಾದವರು ಹಿಂದಾಗುತ್ತಾರೆ, ಜೋರಾಗಿ ಓಡುವವನು ಹತ್ತುತ್ತಾನೆ, ಎಂಟನೆಯ ತರಗತಿಯವರು, ಹೆಣ್ಣುಮಕ್ಕಳು, ಕಾಲು ಎಳೆಯುವ ಒಬ್ಬ ಹುಡುಗ ಇವರೇ ಯಾವಾಗಲೂ ಉಳಿಯುತ್ತಾರೆ. “ಬಸ್ ಓಡೋ ಸ್ಪರ್ಧೆ ಇಡ್ತೀರಾ, ನಮಗೆ ಕಪ್ಪೂ ಕೊಡಲ್ಲ” ಎಂದು ಒಬ್ಬ ಬರೆದಿದ್ದಾನೆ. ಎರಡನೆಯ ಮಾತು, ಬರುವುದಿಲ್ಲವೆಂದರೆ ಮೊದಲೇ ಹೇಳಿ ಎಂಬುದು. ಜಾತ್ರೆಗೋ ಸಮಾವೇಶಕ್ಕೋ ಬಸ್ಸನ್ನು ಕಳಿಸಿದ ದಿನ ಮಕ್ಕಳು ಒಂದೂವರೆ ಗಂಟೆ ಕಾದು ಆಮೇಲೆ ಮನೆಗೆ ಹೋಗುತ್ತಾರೆ. ಏಳೂವರೆಗೇ ಗೊತ್ತಾಗಿದ್ದರೆ ಆರು ಕಿಲೋಮೀಟರು ನಡೆದಾದರೂ ಶಾಲೆ ಮುಟ್ಟುತ್ತಿದ್ದೆವು ಎನ್ನುತ್ತಾರೆ. ರಾಜಧಾನಿಯಲ್ಲಿ ಬಸ್ಸು ಎಲ್ಲಿದೆಯೆಂದು ಮೊಬೈಲಿನಲ್ಲೇ ನೋಡಲು ‘ನಮ್ಮ ಬಿಎಂಟಿಸಿ’ ಎಂಬ ಆ್ಯಪ್ ಇದೆ. ಹತ್ತು ನಿಮಿಷಕ್ಕೊಂದು ಬಸ್ಸಿರುವ ಕಡೆ ಆ ಸೌಕರ್ಯ ಇರಬೇಕಾದರೆ, ಬೆಳಗ್ಗೆ ಒಂದೇ ಒಂದು ಬಸ್ಸಿರುವ ಊರಿಗೆ ಕನಿಷ್ಠ ಒಂದು ಫೋನ್ ಕರೆಯಾದರೂ ಬೇಡವೇ?

ಮೂರನೆಯ ಮಾತನ್ನು ಬರೆಯಲು ನನಗೆ ಕಷ್ಟವಾಗುತ್ತದೆ. “ಪಾಸಿನವರು” ಎಂಬ ಪದ. “ಪಾಸಿನವ್ರೆಲ್ಲ ಹಿಂದೆ ಹೋಗಿ”, “ಪಾಸಿನವ್ರು ಮುಂದಿನ ಬಸ್ಸಿಗೆ ಬನ್ನಿ”, “ಟಿಕೆಟ್ ಪ್ಯಾಸೆಂಜರ್ ಮೊದಲು ಹತ್ತಲಿ”. ಪದವಿಪೂರ್ವ ಕಾಲೇಜಿನ ಹುಡುಗನೊಬ್ಬ ಹತ್ತು ತಿಂಗಳ ಪಾಸಿಗೆ 1,050 ರೂಪಾಯಿಯನ್ನು ಮುಂಗಡವಾಗಿ ಕಟ್ಟಿರುತ್ತಾನೆ. ಉಳಿದ ಹೊರೆ ರಿಯಾಯಿತಿಯ ಲೆಕ್ಕದಲ್ಲಿ ಸರ್ಕಾರ ಮತ್ತು ನಿಗಮದ ಮೇಲೆ ಬೀಳುತ್ತದೆ. ಅಂದರೆ ಅವನು ಬಸ್ಸು ಹತ್ತುವ ಮೊದಲೇ ಹಣ ಕೊಟ್ಟವನು. ಆದರೂ ಬಾಗಿಲ ಬಳಿ ಅವನು ಧರ್ಮಕ್ಕೆ ಬಂದವನಂತೆ ನಿಲ್ಲಬೇಕಾಗುತ್ತದೆ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಗೆ ಬಂದ ಮೇಲೆ ಹುಡುಗಿಯರಿಗೆ ಪಾಸಿನ ಗೋಜು ತಪ್ಪಿದೆ; ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯುತ್ತಾರೆ, ಪಡೆದ ಪ್ರತಿ ಟಿಕೆಟ್ಟೂ ಯಂತ್ರದಲ್ಲಿ ದಾಖಲಾಗುತ್ತದೆ. ನಮ್ಮೂರಿನಿಂದ ತಾಲ್ಲೂಕು ಕೇಂದ್ರದ ಕಾಲೇಜಿಗೆ ಹೋಗುವ ಹುಡುಗಿಯರು ಅದರಿಂದ ಹೆಚ್ಚಿದ್ದಾರೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೆ ಕೃತಜ್ಞಳಾಗಿದ್ದೇನೆ. ಆದರೆ ಓಡಾಡುವವರು ಹೆಚ್ಚಿದ ಮೇಲೂ ನಮ್ಮ ರಸ್ತೆಗೆ ಟ್ರಿಪ್ ಹೆಚ್ಚಲಿಲ್ಲ. ಟ್ರಿಪ್ ಹೆಚ್ಚದಿದ್ದುದಕ್ಕೆ ಹುಡುಗರು ಬೈಯುವುದು ಹುಡುಗಿಯರನ್ನು. “ಇವ್ರಿಗೆ ಫ್ರೀ ಕೊಟ್ಟು ನಮಗೆ ಜಾಗ ಇಲ್ದಂಗಾಯ್ತು” ಎಂಬ ಮಾತು ನನ್ನ ಕಿಟಕಿಯ ಕೆಳಗೇ ಆಗುತ್ತಿರುತ್ತದೆ. ಒಂದೇ ತರಗತಿಯಲ್ಲಿ ಕೂರುವ ಮಕ್ಕಳ ನಡುವೆ ಹೀಗೊಂದು ಮುನಿಸು ಹುಟ್ಟಿರುವುದು ಯೋಜನೆಯಿಂದಲ್ಲ, ಬಸ್ಸಿನ ಕೊರತೆಯಿಂದ.

ಮಕ್ಕಳು ಅಷ್ಟು ದೂರ ಏಕೆ ಹೋಗಬೇಕು ಎಂದು ಕೇಳುವವರಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ. ಅದರಡಿಯ ನಿಯಮಗಳು ಐದನೆಯ ತರಗತಿಯವರೆಗೆ 1 ಕಿಲೋಮೀಟರು, ಎಂಟನೆಯವರೆಗೆ 3 ಕಿಲೋಮೀಟರು ಒಳಗೆ ಶಾಲೆ ಇರಬೇಕೆನ್ನುತ್ತವೆ. ಒಂಬತ್ತನೆಯ ತರಗತಿಗೆ ಕಾಲಿಟ್ಟ ದಿನ ಆ ಭರವಸೆ ಮುಗಿಯುತ್ತದೆ. ಹೈಸ್ಕೂಲು ಹೋಬಳಿಯಲ್ಲಿ, ಪದವಿಪೂರ್ವ ಕಾಲೇಜು ಅದಕ್ಕೂ ಆಚೆ, ಪದವಿ ತಾಲ್ಲೂಕು ಕೇಂದ್ರದಲ್ಲಿ. 2006-07ರಲ್ಲಿ ಆರಂಭವಾಗಿ ಎಂಟನೆಯ ತರಗತಿಯವರ ಕೈಗೆ ಸೈಕಲ್ ಕೊಟ್ಟ ಯೋಜನೆ ಕೋವಿಡ್ ಕಾಲದಲ್ಲಿ ನಿಂತಿತು. ಅದೇ ಕಾಲದಲ್ಲಿ, 2020ರ ಮಾರ್ಚಿನಲ್ಲಿ, ನಮ್ಮೂರಿನ ಬೆಳಗಿನ 7.20ರ ಬಸ್ಸೂ ನಿಂತಿತು. ಲಾಕ್‌ಡೌನ್ ಮುಗಿಯಿತು, ಶಾಲೆ ತೆರೆಯಿತು, ಮಾಸ್ಕು ಹೋಯಿತು, ಆ ಬಸ್ಸು ಮಾತ್ರ ಬರಲಿಲ್ಲ. ಕೇಳಿದಾಗಲೆಲ್ಲ “ಆ ಶೆಡ್ಯೂಲ್ ಆದಾಯ ಕೊಡುತ್ತಿರಲಿಲ್ಲ” ಎಂಬ ಉತ್ತರ. ಕೊಡುತ್ತಿರಲಿಲ್ಲ, ನಿಜ; ಅದರಲ್ಲಿ ಬರುತ್ತಿದ್ದವರಲ್ಲಿ ಮುಕ್ಕಾಲು ಪಾಲು ಪಾಸಿನವರೇ.

ವೇಳೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಪುಸ್ತಕದ ಹೆಚ್ಚಿನ ಪುಟಗಳನ್ನು ತುಂಬಿರುವುದು ಅದೇ. ವಾರದ ಐದು ದಿನ ಶಾಲೆ ಬೆಳಗ್ಗೆ ಹತ್ತರ ಸುಮಾರಿಗೆ ಶುರುವಾಗುತ್ತದೆ, 8.10ರ ಬಸ್ಸು ಹೇಗೋ ಸಾಲುತ್ತದೆ. ಶನಿವಾರ ಬೆಳಗಿನ ಶಾಲೆ. ಎಂಟಕ್ಕೆ ಪ್ರಾರ್ಥನೆ. 8.10ಕ್ಕೆ ಊರು ಬಿಡುವ ಬಸ್ಸಿನಲ್ಲಿ ಎಂಟರ ಪ್ರಾರ್ಥನೆಗೆ ಹೋಗುವುದು ಹೇಗೆಂಬುದನ್ನು ಯಾವ ಗಣಿತದ ಮೇಷ್ಟರೂ ಹೇಳಿಕೊಡಲಾರರು. ಹೀಗಾಗಿ ನಮ್ಮ ಮಕ್ಕಳಲ್ಲಿ ಹಲವರಿಗೆ ಶನಿವಾರವೆಂದರೆ ಅರ್ಧ ದಿನವಲ್ಲ, ಪೂರ್ತಿ ರಜೆ. ಶನಿವಾರ ಶಾಲೆ ಬೇಗ ಆರಂಭವಾಗುತ್ತದೆ ಎಂಬುದು ರಾಜ್ಯದಲ್ಲಿ ಓದಿದ ಪ್ರತಿಯೊಬ್ಬರಿಗೂ ಗೊತ್ತು. ವೇಳಾಪಟ್ಟಿ ಬರೆದವರಿಗೂ ಗೊತ್ತಿರಲೇಬೇಕು. ಆದರೆ ಪಟ್ಟಿಯಲ್ಲಿ ಶನಿವಾರವೆಂಬ ಬೇರೆ ಸಾಲಿಲ್ಲ. ಎಸ್ಸೆಸ್ಸೆಲ್ಸಿಯವರಿಗೆ ಡಿಸೆಂಬರಿನಿಂದ ಸಂಜೆ ವಿಶೇಷ ತರಗತಿ ನಡೆಯುತ್ತದೆ, ಬಿಡುವುದು ಐದೂವರೆಗೆ. ಊರಿಗೆ ಬರುವ ಬಸ್ಸು ಹೋಬಳಿಯಿಂದ ಹೊರಡುವುದು 4.45ಕ್ಕೆ, ಅದು ಬಿಟ್ಟರೆ ರಾತ್ರಿ ಮಾರ್ಗದ ಕೊನೆಯ ಊರಲ್ಲೇ ತಂಗುವ ನೈಟ್ ಹಾಲ್ಟ್ ಬಸ್ಸು, 7.30ಕ್ಕೆ. ವಿಶೇಷ ತರಗತಿಗೆ ಕೂತವರು ಎರಡು ಗಂಟೆ ರಸ್ತೆಯಲ್ಲಿ ನಿಲ್ಲಬೇಕು. ಬಸ್ಸು ಹಿಡಿಯುವವರು ವಿಶೇಷ ತರಗತಿ ಬಿಡಬೇಕು. ಮಾರ್ಚಿನಲ್ಲಿ ಫಲಿತಾಂಶದ ಚಿಂತೆ ಮಾಡುವ ಶಿಕ್ಷಣ ಇಲಾಖೆಗೂ ಟ್ರಿಪ್ ಹಾಕುವ ನಿಗಮಕ್ಕೂ ನಡುವೆ ಒಂದು ಚಹಾ ಕುಡಿಯುವಷ್ಟು ಹೊತ್ತಿನ ಮಾತುಕತೆ ನಡೆದಿದ್ದರೆ ಇದು ಬಗೆಹರಿಯುತ್ತಿತ್ತು.

ಇದಕ್ಕೆ ಹಾಜರಾತಿಯನ್ನೂ ಸೇರಿಸಿ. ಪದವಿಪೂರ್ವ ಕಾಲೇಜಿನಲ್ಲಿ ಪರೀಕ್ಷೆಗೆ ಕೂರಲು ಶೇಕಡಾ 75ರಷ್ಟು ಹಾಜರಾತಿ ಬೇಕು. ಬಸ್ಸು ಅರ್ಧ ಗಂಟೆ ತಡವಾದ ದಿನ ಮೊದಲ ಪೀರಿಯಡ್ ಹೋಗುತ್ತದೆ, ಮತ್ತು ನಮ್ಮ ಮಕ್ಕಳ ಕಾಲೇಜಿನಲ್ಲಿ ಮೊದಲ ಪೀರಿಯಡ್ ವರ್ಷಪೂರ್ತಿ ಲೆಕ್ಕಶಾಸ್ತ್ರ. ಒಬ್ಬ ಹುಡುಗ ಬರೆದ ಸಾಲನ್ನು ಹಾಗೆಯೇ ಕೊಡುತ್ತೇನೆ: “ನಾನು ಅಕೌಂಟ್ಸ್‌ನಲ್ಲಿ ವೀಕ್ ಅಂತ ಸರ್ ಹೇಳ್ತಾರೆ. ವೀಕ್ ಅಲ್ಲ, ಲೇಟು.”

ಹೆಣ್ಣುಮಕ್ಕಳು ಬರೆದುದರಲ್ಲಿ ಎಲ್ಲವನ್ನೂ ನಾನು ಇಲ್ಲಿ ತೆರೆದಿಡಲಾರೆ. ನೂಕುನುಗ್ಗಲಿನಲ್ಲಿ ಮೈಮೇಲೆ ಬಿದ್ದ ಕೈ ಯಾರದೆಂದು ತಿರುಗಿ ನೋಡಲೂ ಜಾಗವಿರುವುದಿಲ್ಲ ಎಂದು ಒಬ್ಬಳು, ಚೀಲವನ್ನು ಬೆನ್ನಿಗಲ್ಲ, ಎದೆಗೆ ಹಾಕಿಕೊಳ್ಳಬೇಕೆಂದು ಅಕ್ಕ ಹೇಳಿಕೊಟ್ಟಿದ್ದಾಳೆ ಎಂದು ಇನ್ನೊಬ್ಬಳು ಬರೆದಿದ್ದಾರೆ. ಎಂಜಿನ್ ಬಾನೆಟ್ಟಿನ ಪಕ್ಕ ಬಿಸಿಗೆ ಕಾಲು ಸುಟ್ಟರೂ ಅಲ್ಲೇ ನಿಲ್ಲುತ್ತೇವೆ, ಅಲ್ಲಿ ಚಾಲಕರ ಕನ್ನಡಿಗೆ ನಾವು ಕಾಣುತ್ತೇವೆ ಎಂದು ಬರೆದವಳ ಬುದ್ಧಿವಂತಿಕೆಗೆ ಮೆಚ್ಚಬೇಕೋ, ಅದು ಬೇಕಾಗಿ ಬಂದುದಕ್ಕೆ ನಾಚಬೇಕೋ ತಿಳಿಯಲಿಲ್ಲ. ಸೀಟು ಸಿಕ್ಕ ಹೆಂಗಸರು ನಿಂತ ಮಕ್ಕಳ ಚೀಲಗಳನ್ನು ಕೇಳದೆಯೇ ಮಡಿಲಿಗೆ ಎಳೆದುಕೊಳ್ಳುತ್ತಾರೆ, ಒಬ್ಬೊಬ್ಬರ ಮಡಿಲಲ್ಲಿ ನಾಲ್ಕು ಐದು ಚೀಲ. ಬಸ್ಸಿನೊಳಗಿನ ವ್ಯವಸ್ಥೆಯಲ್ಲಿ ನನಗೆ ತಿಳಿದಂತೆ ತಪ್ಪದೆ ನಡೆಯುತ್ತಿರುವುದು ಅದೊಂದೇ. ಸಂಜೆ 7.30ರ ಬಸ್ಸನ್ನೇ ನಂಬಿದ್ದ ಒಬ್ಬ ಹುಡುಗಿಯ ತಂದೆ ಜನವರಿಯಲ್ಲಿ ಲೈಬ್ರರಿಗೆ ಬಂದು ಅವಳು ತೆಗೆದುಕೊಂಡಿದ್ದ ಪುಸ್ತಕ ಹಿಂದಿರುಗಿಸಿ ಹೋದರು. “ಕತ್ಲಲ್ಲಿ ಬರೋ ಓದು ಬ್ಯಾಡ ಅಂದೆ ಮೇಡಂ” ಎಂದರು. ಕೆಟ್ಟ ಮನುಷ್ಯರಲ್ಲ. ಅವರ ಮೆಕ್ಕೆಜೋಳದ ಹೊಲ ನಿಲ್ದಾಣದ ಹಿಂದೆಯೇ ಇದೆ. ಆ ನಿಲ್ದಾಣದಲ್ಲಿ ದೀಪವಿಲ್ಲವೆಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಹುಡುಗರು ಕಂಡುಕೊಂಡ ದಾರಿ ಬೇರೆ. ಹದಿನಾರು ತುಂಬುವ ಮೊದಲೇ ಅಣ್ಣನ ಬೈಕಿನಲ್ಲಿ ಮೂವರು ಮೂವರಾಗಿ ಹೋಗುತ್ತಾರೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಂತೆ ಅಪ್ರಾಪ್ತರ ಕೈಗೆ ವಾಹನ ಕೊಟ್ಟರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು. ಅದನ್ನು ಓದಿ ಹೇಳಿದಾಗ ಒಬ್ಬ ಹುಡುಗ “ಹಾಗಾದ್ರೆ ಬಸ್ ಕಳಿಸ್ದೇ ಇದ್ದವ್ರಿಗೆ?” ಎಂದ. ಬಾಗಿಲಿನ ಮೆಟ್ಟಿಲ ಮೇಲೆ ನಿಂತು ಹೋಗುವುದನ್ನೂ ಅದೇ ಕಾಯ್ದೆಯ 123ನೆಯ ಕಲಂ ನಿಷೇಧಿಸುತ್ತದೆ; ನಿಲ್ಲಲು ಬಿಡಬಾರದೆಂಬ ಹೊಣೆಯನ್ನು ಅದು ಹೊರಿಸುವುದು ಚಾಲಕ ಮತ್ತು ನಿರ್ವಾಹಕರ ಮೇಲೆ.

ಅವರ ಕಷ್ಟವನ್ನು ಮರೆಯುವುದು ನ್ಯಾಯವಲ್ಲ. ನಮ್ಮ ಮಾರ್ಗದ ನಿರ್ವಾಹಕರೊಬ್ಬರು ಒಂದು ಸಂಜೆ ನೀರು ಕುಡಿಯಲು ಬಂದವರು ಆ ಪುಸ್ತಕವನ್ನು ನೋಡಿದರು. ಹತ್ತು ನಿಮಿಷ ನಿಂತೇ ಓದಿದರು. ಆಮೇಲೆ, ಮೆಟ್ಟಿಲ ಮೇಲೆ ನಿಂತವನು ಬಿದ್ದರೆ ಕೆಲಸ ಹೋಗುವುದು ನನ್ನದು, ಬಿಟ್ಟು ಹೋದರೆ ಬೈಗುಳ ತಿನ್ನುವುದೂ ನಾನೇ, ತುಂಬಿದ ಬಸ್ಸಿನಲ್ಲಿ ಮುಂದಿನ ಸ್ಟೇಜು ಬರುವುದರೊಳಗೆ ಎಲ್ಲರಿಗೂ ಟಿಕೆಟ್ ಕೊಟ್ಟು ಮುಗಿಸದಿದ್ದರೆ ತಪಾಸಣೆಯವರು ಹಿಡಿಯುವುದೂ ನನ್ನನ್ನೇ ಎಂದರು. ಅವರು ಕಂಬದಿಂದ ಮುಂದೆ ನಿಲ್ಲಿಸಲು ಹೇಳುವುದು ದುರುದ್ದೇಶದಿಂದಲ್ಲ. ಗುಂಪು ಒಮ್ಮೆಗೇ ಬಾಗಿಲಿಗೆ ಮುಗಿಬೀಳಬಾರದೆಂಬ ಭಯದಿಂದ. ಅದೇ ಬಸ್ಸಿನ ಹಿಂದೆ ಇಪ್ಪತ್ತು ನಿಮಿಷಕ್ಕೆ ಇನ್ನೊಂದು ಬರುತ್ತದೆಂದು ಗೊತ್ತಿದ್ದರೆ ಆ ಭಯ ಯಾರಿಗೂ ಇರುತ್ತಿರಲಿಲ್ಲ.

ಮಕ್ಕಳು ಈ ಮಾತನ್ನು ಈಗಾಗಲೇ ಸರಿಯಾದ ಕಡೆಯೇ ಹೇಳಿದ್ದಾರೆ ಎಂಬುದನ್ನೂ ತಮಗೆ ತಿಳಿಸಬೇಕು. ಪ್ರತಿ ವರ್ಷ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ನಾನು ಕೂತು ನೋಡಿದ ಪ್ರತಿ ಸಭೆಯಲ್ಲೂ ಬಸ್ಸಿನ ಪ್ರಶ್ನೆ ಬಂದಿದೆ. ಶೌಚಾಲಯ, ಆಟದ ಮೈದಾನ, ಕುಡಿಯುವ ನೀರಿನ ಪ್ರಶ್ನೆಗಳಿಗೆ ಅಭಿವೃದ್ಧಿ ಅಧಿಕಾರಿಗಳು ಅಲ್ಲೇ ಉತ್ತರ ಕೊಡುತ್ತಾರೆ, ಕೆಲವು ಈಡೇರಿಯೂ ಇವೆ. ಬಸ್ಸಿನ ಪ್ರಶ್ನೆ ಬಂದಾಗ “ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಸಂಬಂಧಪಟ್ಟ ಇಲಾಖೆಗೆ ಬರೆಯಲಾಗುವುದು” ಎಂದು ನಡಾವಳಿಯಲ್ಲಿ ಬರೆಯುತ್ತಾರೆ. ಸಂಬಂಧಪಟ್ಟವರಾರೂ ಆ ಸಭೆಗೆ ಬಂದದ್ದನ್ನು ನಾನು ಕಂಡಿಲ್ಲ. ತಮಗೆ ಸಂಬಂಧಪಟ್ಟ ವಿಷಯದಲ್ಲಿ ಅಭಿಪ್ರಾಯ ಹೇಳುವ, ಅದಕ್ಕೆ ತಕ್ಕ ಬೆಲೆ ಸಿಗುವ ಹಕ್ಕು ಮಕ್ಕಳಿಗಿದೆ ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಹೇಳುತ್ತದೆ. ಭಾರತ ಅದನ್ನು ಒಪ್ಪಿಕೊಂಡದ್ದು 1992ರಲ್ಲಿ. ಅಷ್ಟು ದೂರ ಹೋಗುವುದೂ ಬೇಡ. ನಿಗಮಗಳು ನಡೆಯುವುದೇ 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಡಿ. ದಕ್ಷವಾದ, ಸಾಕಷ್ಟಾದ, ಮಿತವ್ಯಯದ, ಒಂದಕ್ಕೊಂದು ಹೊಂದಿಕೊಂಡ ಸಾರಿಗೆ ವ್ಯವಸ್ಥೆಯನ್ನು ಹಂತಹಂತವಾಗಿ ಒದಗಿಸುವುದು ನಿಗಮದ ಕರ್ತವ್ಯವೆಂದು ಅದರ 18ನೆಯ ಕಲಂ ವಿಧಿಸಿದೆ. ಸಲಹಾ ಮಂಡಳಿಗಳನ್ನು ರಚಿಸಲೂ ಅದೇ ಕಾಯ್ದೆಯಲ್ಲಿ ಅವಕಾಶವಿದೆ. ‘ಸಾಕಷ್ಟು’ ಎಂಬುದನ್ನು ಅಳೆಯಬೇಕಾದದ್ದು ಹತ್ತಿದವರನ್ನು ಎಣಿಸಿ ಅಲ್ಲ.

ಆದ್ದರಿಂದ ನನ್ನ ಮೊದಲ ಕೋರಿಕೆ ಹಣ ಬೇಡದ್ದು. ಪ್ರತಿ ವರ್ಷ ಶಾಲೆ ತೆರೆಯುವ ಮುನ್ನ, ಏಪ್ರಿಲ್ ಕೊನೆಯೊಳಗೆ, ಪ್ರತಿ ಘಟಕದ ವ್ಯವಸ್ಥಾಪಕರು ತಮ್ಮ ವ್ಯಾಪ್ತಿಯ ಹೈಸ್ಕೂಲು ಮತ್ತು ಕಾಲೇಜುಗಳಿಂದ ತರಗತಿ ಆರಂಭವಾಗುವ ಮತ್ತು ಬಿಡುವ ವೇಳೆಯನ್ನು, ಶನಿವಾರದ್ದನ್ನೂ ವಿಶೇಷ ತರಗತಿಯದ್ದನ್ನೂ ಸೇರಿಸಿ, ತರಿಸಿಕೊಂಡು ಅದಕ್ಕೆ ತಕ್ಕಂತೆ ಟ್ರಿಪ್ ವೇಳೆಯನ್ನು ಹೊಂದಿಸಬೇಕು. ನಮ್ಮೂರಿನ ಮಟ್ಟಿಗೆ, ಶನಿವಾರದ ಒಂದು ದಿನ ಬೆಳಗಿನ ಬಸ್ಸು ಮುಕ್ಕಾಲು ಗಂಟೆ ಮೊದಲು ಹೊರಟರೆ ಸಾಕು; ಆ ಬಸ್ಸು ರಾತ್ರಿ ನಮ್ಮ ಮಾರ್ಗದ ಕೊನೆಯ ಊರಲ್ಲೇ ತಂಗಿರುತ್ತದೆ, ಡಿಪೋದಿಂದ ಬರಬೇಕಾಗಿಲ್ಲ. ಮಕ್ಕಳ ಗ್ರಾಮಸಭೆಗೆ ಘಟಕದಿಂದ ಒಬ್ಬರಾದರೂ ಬಂದು ಕೂರಬೇಕು, ಬಸ್ಸಿನ ಕುರಿತ ಪ್ರಶ್ನೆಗೆ ಒಂದು ತಿಂಗಳೊಳಗೆ ಲಿಖಿತ ಉತ್ತರ ಕೊಡಬೇಕು. ಉತ್ತರ ‘ಇಲ್ಲ’ ಎಂದಿದ್ದರೂ ಮಕ್ಕಳು ಒಪ್ಪಿಕೊಳ್ಳುತ್ತಾರೆ. ಏಕೆ ಇಲ್ಲ ಎಂಬುದನ್ನು ಅವರಿಗೆ ಅರ್ಥವಾಗುವಂತೆ ಬರೆದಿದ್ದರೆ ಸಾಕು.

ಹತ್ತಲಾಗದೆ ಉಳಿದವರನ್ನು ಎಣಿಸುವ ಒಂದು ದಾರಿಯನ್ನೂ ಮಾಡಬೇಕು. ನಿರ್ವಾಹಕರ ಯಂತ್ರದಲ್ಲಿ ಒಂದು ಗುಂಡಿ ಸಾಕಾಗಬಹುದು. ಅದಾಗದಿದ್ದರೆ ಶಾಲೆಯ ಮುಖ್ಯೋಪಾಧ್ಯಾಯರೋ ನನ್ನಂಥ ಮೇಲ್ವಿಚಾರಕರೋ ವಾರಕ್ಕೊಮ್ಮೆ ಕಳಿಸುವ ಚೀಟಿಯನ್ನು ಘಟಕ ಸ್ವೀಕರಿಸಬೇಕು. ಬಸ್ಸು ರದ್ದಾಗುವುದನ್ನು ಹಿಂದಿನ ಸಂಜೆಯೇ ಪಂಚಾಯಿತಿಗೆ ತಿಳಿಸಬೇಕು, ಸಮಾವೇಶ ಮತ್ತು ಜಾತ್ರೆಗೆ ಬಸ್ಸು ಕಳಿಸುವಾಗ ಶಾಲಾ ವೇಳೆಯ ಟ್ರಿಪ್ಪುಗಳನ್ನು ಮುಟ್ಟಬಾರದು. ಇನ್ನು ಪಾಸು. ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿ ಗ್ರಾಮ ಒನ್ ಕೇಂದ್ರಕ್ಕೆ ಮೂರು ಸಲ ಅಲೆದು ಅದು ಕೈಸೇರುವ ಹೊತ್ತಿಗೆ ಜುಲೈ ಮುಗಿದಿರುತ್ತದೆ. ಅಲ್ಲಿಯವರೆಗೆ ಹುಡುಗರು, 2025ರ ಜನವರಿಯಲ್ಲಿ ಶೇಕಡಾ 15ರಷ್ಟು ಏರಿದ ದರದಲ್ಲಿ, ಪೂರ್ತಿ ಟಿಕೆಟ್ ಕೊಂಡು ಓಡಾಡುತ್ತಾರೆ. ನೆರೆಯ ತಮಿಳುನಾಡಿನಲ್ಲಿ ಹೊಸ ಪಾಸು ಬರುವವರೆಗೆ ಹಳೆಯ ಪಾಸನ್ನೋ ಸಮವಸ್ತ್ರವನ್ನೋ ಒಪ್ಪಿಕೊಳ್ಳುವ ರೂಢಿಯಿದೆ. ಅದನ್ನು ಇಲ್ಲಿಯೂ ಪ್ರತಿ ವರ್ಷ ತಪ್ಪದೆ, ಎಲ್ಲ ನಿರ್ವಾಹಕರಿಗೂ ಲಿಖಿತ ಸೂಚನೆಯಾಗಿ ಹೊರಡಿಸಬೇಕೆಂದು ಕೋರುತ್ತೇನೆ. ನಿಂತುಹೋದ 7.20ರ ಬಸ್ಸನ್ನು ಮತ್ತೆ ಓಡಿಸಿ ಎಂಬ ಹಳೆಯ ಮನವಿಯೂ ಹಾಗೆಯೇ ಇದೆ.

ಪುಸ್ತಕದ ಎಲ್ಲ ಪುಟಗಳ ನೆರಳಚ್ಚನ್ನು ಈ ಪತ್ರದ ಪ್ರತಿಯ ಜೊತೆ ನಮ್ಮ ವಿಭಾಗದ ಕಚೇರಿಗೆ ಪ್ರತ್ಯೇಕವಾಗಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಮಕ್ಕಳು ಮರೆತು ಹೆಸರು ಬರೆದುಕೊಂಡ ಕಡೆ ಮಸಿ ಬಳಿದಿದ್ದೇನೆ, ಕಾಗುಣಿತ ತಿದ್ದಿಲ್ಲ. ಮೊದಲ ಪುಸ್ತಕ ಫೆಬ್ರವರಿಯಲ್ಲಿ ತುಂಬಿತು, ಎರಡನೆಯದು ಈಗ ಕಿಟಕಿಯ ಪಕ್ಕದಲ್ಲಿದೆ. ಜಾಮೆಟ್ರಿ ಬಾಕ್ಸಿನ ಹುಡುಗಿ ಹತ್ತನೆಯ ತರಗತಿಗೆ ಬಂದಿದ್ದಾಳೆ. ಅವಳ ವಿಶೇಷ ತರಗತಿಗಳು ಡಿಸೆಂಬರಿನಲ್ಲಿ ಶುರುವಾಗುತ್ತವೆ. ಅಷ್ಟರೊಳಗೆ ಸಂಜೆಯ ಬಸ್ಸಿನ ವೇಳೆಯ ಬಗ್ಗೆ ತಮ್ಮ ಉತ್ತರ ಬಂದರೆ ಓದಿ ಹೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಗ್ರಾಮ ಪಂಚಾಯಿತಿ ಅರಿವು ಕೇಂದ್ರದ ಮೇಲ್ವಿಚಾರಕಿ